ನಾಲ್ಕು ಬೆರಳಿನ ದಿಂಬು

ನಮ್ಮ ಪುರಸಭೆ ಇದುವರೆಗೆ ತೆಗೆದುಕೊಂಡ ನಿರ್ಣಯಗಳಲ್ಲಿ ಅತ್ಯಂತ ಗಂಭೀರವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ತಪಾಸಣೆಯ ದಿಂಬು ನಾಲ್ಕು ಬೆರಳಿಗಿಂತ ಎತ್ತರವಿರಕೂಡದು ಎಂಬ ನಿರ್ಣಯವೇ ಎಂದು ನಾನು ಹಿಂದುಮುಂದು ನೋಡದೆ ಹೇಳುತ್ತೇನೆ. ನೀರಿನ ಟ್ಯಾಂಕು ಬಿರುಕು ಬಿಟ್ಟಾಗ ಕರೆದ ಸಭೆ ಅರ್ಧ ಗಂಟೆಯಲ್ಲಿ ಮುಗಿದಿತ್ತು. ದಿಂಬಿನ ಸಭೆ ಎರಡು ದಿನ ನಡೆಯಿತು. ನಾಲ್ಕು ಬೆರಳು ಎಂದರೆ ಯಾರ ಬೆರಳು ಎಂಬ ಪ್ರಶ್ನೆ ಮೊದಲ ದಿನ ಕಾಫಿ ಬರುವ ಮೊದಲೇ ಎದ್ದಿತು. ಅಧ್ಯಕ್ಷರ ಬೆರಳು ಬಾಳೆಕಾಯಿಯಂಥವು, ಉಪಾಧ್ಯಕ್ಷರವು ಬೆಂಡೆಕಾಯಿಯಂಥವು. ಕೊನೆಗೆ ಇಬ್ಬರ ಎರಡೆರಡು ಬೆರಳು ಸೇರಿಸಿ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಒಂದು ಮರದ ತುಂಡು ಕೊಯ್ಯಿಸಿ, ಕಚೇರಿಯ ಗಾಜಿನ ಬೀರುವಿನಲ್ಲಿ ಇಟ್ಟೆವು. ಈಗಲೂ ಅಲ್ಲೇ ಇದೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವ ಕೆಲಸ ನನ್ನದು.

ನಾನು ಪುರಸಭೆಯ ವರದಿ ಗುಮಾಸ್ತ. ನಮ್ಮೂರಿನಲ್ಲಿ ಹೊಸ ಮನೆ ಕಟ್ಟಿದವರು ಅರ್ಜಿ ಹಾಕಿದರೆ, ಕಟ್ಟಡ ಇನ್‌ಸ್ಪೆಕ್ಟರು ಒಂದು ಮಧ್ಯಾಹ್ನ ಬಂದು, ಊಟ ಮಾಡಿ, ಆ ಮನೆಯ ನಡುಮನೆಯಲ್ಲಿ ಮಲಗುತ್ತಾರೆ. ಎದ್ದ ಮೇಲೆ ಕಂಡ ಕನಸನ್ನು ಹೇಳುತ್ತಾರೆ. ಅದು ಆರಿಹೋಗುವ ಮೊದಲು ನಾನು ನಮೂನೆಯಲ್ಲಿ ಬರೆದುಕೊಳ್ಳುತ್ತೇನೆ. ಓವರ್‌ಸಿಯರ್ ಶೇಷಗಿರಿ ಕಚೇರಿಯಲ್ಲಿ ಕೈಪಿಡಿ ಬಿಡಿಸಿ, ಆ ಕನಸಿಗೆ ಯಾವ ನಿಯಮ ತಾಗುತ್ತದೆಂದು ನೋಡಿ, ಗೋಡೆ ಒಡೆಯಬೇಕೋ, ಮೆಟ್ಟಿಲು ತಿರುಗಿಸಬೇಕೋ, ಇದ್ದ ಹಾಗೇ ಇರಬಹುದೋ ಎಂದು ಷರಾ ಬರೆಯುತ್ತಾನೆ. ಬಣ್ಣ ಬಳಿಯುವಂಥ ಸಣ್ಣ ಷರಾ ಆದರೆ ಅಲ್ಲಿಗೇ ಪಾಸು. ಕಟ್ಟಡಕ್ಕೆ ಕೈ ಹಚ್ಚುವ ಷರಾ ಆದರೆ ಮತ್ತೆ ತಪಾಸಣೆ. ಹೀಗೆ ಮೂರು ಸಲ ಅವಕಾಶ. ಮೂರರಲ್ಲೂ ಆಗದಿದ್ದರೆ ಪುರಸಭೆಯ ಆಳುಗಳು ಏಣಿ ತಂದು ಹೆಂಚು ಇಳಿಸುತ್ತಾರೆ.

ಪ್ರಮಾಣಪತ್ರ ಕೈಗೆ ಬರುವತನಕ ಆ ಮನೆಯಲ್ಲಿ ಅಧಿಕಾರಿಯ ಹೊರತು ಯಾರೂ ಕಣ್ಣು ಮುಚ್ಚುವಂತಿಲ್ಲ. ಒಲೆ ಹಚ್ಚಬಹುದು, ಉಣ್ಣಬಹುದು, ನೆಂಟರನ್ನು ಕರೆದು ಹಪ್ಪಳ ಕರಿಯಬಹುದು. ನಿದ್ದೆ ಮಾತ್ರ ಇಲ್ಲ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಯಾರಾದರೂ ತಮ್ಮ ಮನೆಗೆ ಬೀಗ ಹಾಕಿ, ಸುರುಳಿ ಸುತ್ತಿದ ಹಾಸಿಗೆ ಹೆಗಲ ಮೇಲೆ ಹೊತ್ತು ಇನ್ನೊಬ್ಬರ ಮನೆ ಕಡೆ ನಡೆಯುತ್ತಿದ್ದರೆ, ಅವರ ಫೈಲು ಬಾಕಿ ಇದೆ ಎಂದು ತಿಳಿಯಬೇಕು. ಅಂಥವರನ್ನು ಕಂಡರೆ "ಎಷ್ಟನೇ ಸಲ?" ಎಂದು ಕೇಳುವುದು ನಮ್ಮಲ್ಲಿ ಕುಶಲ ವಿಚಾರಿಸುವ ರೀತಿ.

ಇನ್‌ಸ್ಪೆಕ್ಟರು ಮಲಗಿರುವಷ್ಟು ಹೊತ್ತು ನಾನು ಗೋಡೆಗೆ ಒರಗಿ ಪುಸ್ತಕ ಓದುತ್ತೇನೆ. ವಾಚನಾಲಯದ ಎರಡು ಬೀರುಗಳನ್ನು ಹೀಗೆ ಮುಗಿಸಿದ್ದೇನೆ. ನನ್ನ ಓದೆಲ್ಲ ಬೇರೆಯವರ ನಿದ್ದೆಯಲ್ಲಿ ಆದದ್ದು.

ಇಪ್ಪತ್ತೆರಡು ವರ್ಷ ಭದ್ರಪ್ಪನವರು ನಮ್ಮ ಇನ್‌ಸ್ಪೆಕ್ಟರಾಗಿದ್ದರು. ಮಲಗುವುದರಲ್ಲಿ ಗಟ್ಟಿಗರು. ಮನೆಯವರು ಎಲೆ ಎತ್ತುವಷ್ಟರಲ್ಲಿ ಗೊರಕೆ ಶುರುವಾಗಿರುತ್ತಿತ್ತು. ಆದರೆ ಅವರ ಮಾನದಂಡ ಏನೆಂದು ಯಾರ ಕೈಗೂ ಸಿಗಲಿಲ್ಲ. ಒಂದೇ ಗಾರೆಯವನು ಒಂದೇ ನಕ್ಷೆಯಲ್ಲಿ ಸಾಲಾಗಿ ಕಟ್ಟಿದ ನಾಲ್ಕು ಮನೆಗಳಲ್ಲಿ ನಾಲ್ಕು ದಿನ ಮಲಗಿ, ಒಂದಕ್ಕೆ ಅಟ್ಟ ತೆಗೆಯಬೇಕೆಂದೂ, ಒಂದಕ್ಕೆ ಅಟ್ಟ ಕಟ್ಟಬೇಕೆಂದೂ, ಮೂರನೆಯದಕ್ಕೆ ಬಚ್ಚಲನ್ನು ಎದುರು ದಿಕ್ಕಿಗೆ ಒಯ್ಯಬೇಕೆಂದೂ ಷರಾ ಬರುವಂತೆ ಮಾಡಿ, ನಾಲ್ಕನೆಯದನ್ನು ಏನೂ ಹೇಳದೆ ಪಾಸು ಮಾಡಿದ್ದರು. ಜನ ಊಟದಲ್ಲಿ ಗುಟ್ಟು ಹುಡುಕಿದರು. ಹುರುಳಿ ಸಾರು ಬಡಿಸಿದರೆ ಬೆಟ್ಟ ಹತ್ತುವ ಕನಸು ಬೀಳುತ್ತದೆ, ಬೆಟ್ಟ ಬಿದ್ದರೆ ಮೆಟ್ಟಿಲಿಗೆ ಕುತ್ತು ಎಂದು ಒಂದು ವರ್ಷ ಇಡೀ ಊರು ಮೊಸರನ್ನಕ್ಕೆ ಬಿತ್ತು. ಮೊಸರನ್ನಕ್ಕೆ ಹೊಳೆ ಬಂತು. ಹೊಳೆ ಬಂದರೆ ಬಾಗಿಲಿಗೆ ಕುತ್ತು.

ಆ ಹೊಳೆಗೆ ಸಿಕ್ಕಿದವರಲ್ಲಿ ಚೆನ್ನಾಜಮ್ಮ ಮತ್ತು ಮರುಳಪ್ಪ ಇದ್ದರು. ಮರುಳಪ್ಪನಿಗೆ ಹಿಟ್ಟಿನ ಮಿಲ್ಲಿನಲ್ಲಿ ಕೆಲಸ. ಎಷ್ಟು ಸ್ನಾನ ಮಾಡಿದರೂ ಕಿವಿಯ ರೋಮದಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಇರುತ್ತಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಗಂಡ ಹೆಂಡತಿಗೆ ತಮ್ಮದೆಂಬ ಒಂದು ಕೋಣೆ ಇರಲಿಲ್ಲ. ಅವನ ಅಣ್ಣನ ಮನೆಯ ಪಡಸಾಲೆಯಲ್ಲಿ ಇನ್ನೂ ಏಳು ಜನರ ಜೊತೆ ಮಲಗಿದವರು. ಕಡೆಗೆ ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಕಂಬ, ಹಿಂದೆ ಒಂದು ಹಿತ್ತಲು ಇರುವ ಮನೆ ಕಟ್ಟಿಕೊಂಡರು. ಭದ್ರಪ್ಪನವರು ಮೊಸರನ್ನ ಉಂಡು ಮಲಗಿ, ತಮ್ಮ ಚಪ್ಪಲಿ ಹೊಳೆಯಲ್ಲಿ ತೇಲಿಹೋದ ಕನಸು ಕಂಡರು. ಹಿತ್ತಲ ಬಾಗಿಲು ಮುಚ್ಚಬೇಕೆಂದು ಷರಾ ಬಂತು. ಮುಚ್ಚಿದರು. ಎರಡನೆಯ ಸಲ ಅದೇ ಚಾಪೆಯ ಮೇಲೆ, ತಮ್ಮ ಶಾಲೆಯ ಲೆಕ್ಕದ ಮೇಷ್ಟರ ಜೊತೆ ಒಂದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ಹೊರಗೆ ಹೋಗಲು ದಾರಿಯಿಲ್ಲದ ಕನಸು ಕಂಡರು. ಹಿತ್ತಲಿಗೆ ಒಂದು ಬಾಗಿಲು ಇಡಬೇಕೆಂದು ಷರಾ ಬಂತು. ಒಣಗಿ ಮುಗಿಯದ ಗೋಡೆಯನ್ನೇ ಮತ್ತೆ ಒಡೆದರು. ಮೂರನೆಯ ಸಲಕ್ಕೆ ಸರದಿ ಬರುವ ಮೊದಲು ಭದ್ರಪ್ಪನವರು ನಿವೃತ್ತರಾದರು.

ಅಷ್ಟರಲ್ಲಿ ಹನ್ನೊಂದು ತಿಂಗಳಾಗಿತ್ತು. ಅಣ್ಣನ ಪಡಸಾಲೆಯಲ್ಲಿ ಇವರು ಬಿಟ್ಟ ಜಾಗಕ್ಕೆ ಹೊಸ ಸೊಸೆ ಬಂದಿದ್ದಳು. ಚೆನ್ನಾಜಮ್ಮ ತನ್ನ ಅಕ್ಕನ ಮನೆಯ ಉಗ್ರಾಣದಲ್ಲಿ, ಉಪ್ಪಿನಕಾಯಿ ಜಾಡಿಗಳ ನಡುವೆ ಮಲಗುತ್ತಿದ್ದಳು. ಅಲ್ಲಿ ಒಬ್ಬರಿಗಷ್ಟೇ ಜಾಗ. ಮರುಳಪ್ಪ ಮಿಲ್ಲಿನಲ್ಲಿ ರಾಗಿ ಮೂಟೆಗಳ ಮೇಲೆ. ಸಂಜೆ ಅವನು ಅವಳ ಹಾಸಿಗೆ ಹೊತ್ತು ಅಕ್ಕನ ಮನೆ ಗೇಟಿನತನಕ ಬರುತ್ತಿದ್ದ. "ಬರ್ತೀನಿ." "ಹೂಂ." ಅಷ್ಟೇ. ಅವಳು ಒಳಗೆ, ಅವನು ಮಿಲ್ಲಿನ ದಿಕ್ಕಿಗೆ. ಎದುರಿಗಿದ್ದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಇದನ್ನು ದಿನಾ ನೋಡುತ್ತಿದ್ದೆ.

ಒಂದು ದಿನ ಚೆನ್ನಾಜಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. "ಗುಮಾಸ್ತಣ್ಣ, ಮೂರನೇದೂ ಹೋದ್ರೆ?"

"ಹೆಂಚು ಇಳಿಸ್ತಾರಮ್ಮ."

"ಗೋಡೆ?"

"ಗೋಡೆ ನಿಮ್ದೇ."

"ಆವಾಗ ಒಳಗೆ ಮಲಗ್ಬೋದಾ?"

"ಮಲಗ್ಬೋದು. ಹೆಂಚು ಇಲ್ಲದ ಮೇಲೆ ಅದು ಮನೆ ಅಲ್ಲ, ಬಯಲು. ಬಯಲಲ್ಲಿ ಮಲಗೋಕೆ ನಮ್ಮ ಅನುಮತಿ ಬೇಡ."

"ಮಳೆಗಾಲಕ್ಕೂ ಬೇಡ್ವಾ?"

"ಬೇಡ."

"ದೊಡ್ಡ ಉಪಕಾರ ಆಯ್ತು ಬಿಡಿ," ಎಂದು ಸೆರಗು ಕೊಡವಿಕೊಂಡು ಹೋದಳು. ಬಾಗಿಲ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿರಬೇಕು.

ಭದ್ರಪ್ಪನವರ ಜಾಗಕ್ಕೆ ವರ್ಗವಾಗಿ ಬಂದವರು ವೈಜಯಂತಿ ಮೇಡಂ. ಮೂವತ್ತೈದರ ಆಸುಪಾಸು, ಕನ್ನಡಕ, ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ಲಾಯದ ಬೀದಿಯ ಹೊಸ ಮನೆಯಲ್ಲಿ ಅವರ ಮೊದಲ ತಪಾಸಣೆ. ಉಂಡರು, ಮಲಗಿದರು, ಮೂರು ಗಂಟೆ ಹೊತ್ತು ಹೆಂಚು ನೋಡಿದರು, ಎದ್ದು ಕೂತು, "ನಿದ್ದೆ ಬರಲಿಲ್ಲ. ಹಾಗೇ ಬರ್ಕೊಳಿ," ಅಂದರು. ಬರೆದೆ. ಎರಡನೆಯ ಮನೆಯಲ್ಲೂ ಅದೇ. ಐದನೆಯ ಮನೆಯಲ್ಲೂ ಅದೇ. ಭದ್ರಪ್ಪನವರಾಗಿದ್ದರೆ ಸುಮ್ಮನೆ ಒಂದು ಕನಸು ಹೇಳಿಬಿಡುತ್ತಿದ್ದರೋ ಏನೋ. ಈಕೆಗೆ ಅದು ಬರದು. ನಿದ್ದೆ ಬರಲಿಲ್ಲ ಎಂಬುದಕ್ಕೆ ಕೈಪಿಡಿಯಲ್ಲಿ ಅರ್ಥ ಇಲ್ಲ. ಆದರೆ ಸಲ ಒಂದು ಕಳೆದಂತೆಯೇ. ಹನ್ನೊಂದು ಮನೆ ಹೀಗಾದ ಮೇಲೆ ಊರು, "ಮೇಡಂ ಭಾರಿ ಸ್ಟ್ರಿಕ್ಟು," ಎಂದು ತೀರ್ಮಾನಿಸಿತು.

ದಿಂಬು ಎತ್ತರವಾದದ್ದಕ್ಕೇ ಮೇಡಂಗೆ ನಿದ್ದೆ ಹತ್ತುತ್ತಿಲ್ಲ ಎಂದು ಆಗಲೇ ದಿಂಬಿನ ಸಭೆ ಕರೆದದ್ದು. ದಿಂಬಿನ ಜೊತೆಗೆ ಮೌನವೂ ಬಂತು. ಅದಕ್ಕೆ ನಿರ್ಣಯ ಬೇಕಾಗಲಿಲ್ಲ, ಜನ ತಾವೇ ಶುರು ಮಾಡಿದರು. ತಪಾಸಣೆ ಇರುವ ಬೀದಿಯಲ್ಲಿ ಆ ದಿನ ಕುಕ್ಕರು ಇಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಬಟ್ಟೆ ಒಗೆಯುವವರು ಕಲ್ಲಿಗೆ ಬಡಿಯದೆ ಕೈಯಲ್ಲಿ ಹಿಸುಕಿ ಹಿಂಡಿದರು. ಶಾಲೆಯ ಗಂಟೆಗೆ ಹಳೆಯ ಪಂಚೆ ಸುತ್ತಿದರು. ಸೈಕಲ್ಲಿನವರು ಬೀದಿಯ ತುದಿಯಲ್ಲಿ ಇಳಿದು, ಸೈಕಲ್ಲನ್ನು ಕರುವಿನ ಹಾಗೆ ಎತ್ತಿಕೊಂಡು ದಾಟಿದರು. ಚಾಕು ಸಾಣೆ ಹಿಡಿಯುವವನು ಚಕ್ರದ ಮೇಲೆ ಕಾಲಿಟ್ಟು, ತುಳಿಯದೆ, ಚಿತ್ರದ ಹಾಗೆ ನಿಂತಿರುತ್ತಿದ್ದ. ನಾನು ಮೇಡಂ ಹಿಂದೆ ಚಾಪೆ ದಿಂಬು ಹೊತ್ತು ಆ ಬೀದಿಗಳಲ್ಲಿ ನಡೆಯುವಾಗ, ಜನ ಬಾಗಿಲಲ್ಲಿ ನಿಂತು ಬರಿಯ ತುಟಿಯಲ್ಲಿ ನಮಸ್ಕಾರ ಹೇಳುತ್ತಿದ್ದರು. ನೀರಿನೊಳಗೆ ನಡೆದ ಹಾಗಾಗುತ್ತಿತ್ತು. ನಾಯಿಗಳು ಕೂಡ ಆಕಳಿಸುವಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ.

ಚೆನ್ನಾಜಮ್ಮನ ಮನೆಯ ಮೂರನೆಯ ತಪಾಸಣೆಯ ದಿನ ಬಂದಾಗ ಆ ಬೀದಿ ಉಳಿದೆಲ್ಲ ಬೀದಿಗಳಿಗಿಂತ ಹೆಚ್ಚು ಮೌನವಾಗಿತ್ತು. ಹೆಂಚು ಇಳಿಯುವುದನ್ನು ನೋಡಲು ಯಾರಿಗೂ ಮನಸ್ಸಿರಲಿಲ್ಲ. ಮರುಳಪ್ಪ ಮಿಲ್ಲಿಗೆ ರಜೆ ಹಾಕಿದ್ದ. ಅನ್ನ, ತೊವ್ವೆ, ಹೀರೇಕಾಯಿ ಪಲ್ಯ, ಕೊನೆಗೆ ಜಾಜಿಕಾಯಿ ತೇಯ್ದು ಹಾಕಿದ ಹಾಲು. ಅವನೇ ಬಡಿಸಿದ. ಚಮಚ ಪಾತ್ರೆಗೆ ತಾಗದ ಹಾಗೆ ಬಡಿಸುವುದನ್ನು ಎರಡು ದಿನ ಅಭ್ಯಾಸ ಮಾಡಿದ್ದನಂತೆ. ನಾನು ದಿಂಬಿನ ಪಕ್ಕ ಮರದ ತುಂಡು ಇಟ್ಟು ಅಳತೆ ಸರಿಯಿದೆ ಎಂದು ಬರೆದುಕೊಂಡೆ. ಮೇಡಂ ಮಲಗಿದರು. ಗಂಡ ಹೆಂಡತಿ ತುದಿಗಾಲಲ್ಲಿ ನಡೆದು ಅಡುಗೆಮನೆ ದಾಟಿ, ಆ ಹೊಸ ಹಿತ್ತಲ ಬಾಗಿಲಿನಿಂದ ಆಚೆ ಹೋದರು.

ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಒಂದು ಚೌಕವಾಗಿ ಬಿದ್ದಿತ್ತು. ಆ ಚೌಕ ಸರಿದು, ಗೋಡೆ ಹತ್ತಿ, ಕ್ಯಾಲೆಂಡರಿನ ಮೊಳೆ ಮುಟ್ಟಿದರೆ ನಾಲ್ಕು ಗಂಟೆ, ತಪಾಸಣೆ ಮುಗಿಯಿತು. ನಾನು ಪುಸ್ತಕ ತೆರೆದೆ. ಮೇಡಂ ಹೆಂಚು ನೋಡಿದರು. ಚೌಕ ಚಾಪೆಯ ಅಂಚಿಗೆ ಬಂತು. ಅದರೊಳಗೆ ಧೂಳಿನ ಕಣಗಳು ಎತ್ತ ಹೋಗಬೇಕೆಂದು ತೋಚದೆ ತಿರುಗುತ್ತಿದ್ದವು.

"ಗುಮಾಸ್ತರೇ," ಎಂದು ಮೇಡಂ ಪಿಸುಗುಟ್ಟಿದರು. "ಏನ್ ಓದ್ತಿದೀರಿ?"

"ಒಂದು ಪ್ರವಾಸದ ಪುಸ್ತಕ ಮೇಡಂ."

"ಎಲ್ಲೀತನಕ ಬಂತು?"

"ಇನ್ನೂ ಹಡಗು ಹತ್ತಿಲ್ಲ."

"ನಂದೂ ಅಷ್ಟೆ." ಮತ್ತೆ ಹೆಂಚು ನೋಡುತ್ತ, "ಈ ಊರಲ್ಲಿ ಮಧ್ಯಾಹ್ನ ಜನ ಇರೋದೇ ಇಲ್ವಾ?" ಎಂದರು.

"ಎಲ್ಲಾ ಇದಾರೆ ಮೇಡಂ. ನಿಮಗೋಸ್ಕರ ಸುಮ್ನಿದಾರೆ."

ಮೇಡಂ ಕನ್ನಡಕ ತೆಗೆದು ಪಕ್ಕಕ್ಕಿಟ್ಟು ನಿಟ್ಟುಸಿರು ಬಿಟ್ಟರು. ಅದು ಆ ಮೌನದಲ್ಲಿ ಬೀದಿಯ ತುದಿಯವರೆಗೂ ಕೇಳಿಸಿರಬೇಕು.

ಆಗ ಹಿತ್ತಲಲ್ಲಿ ಕೊಡ ಕಲ್ಲಿಗೆ ತಾಗಿದ ಸದ್ದಾಯಿತು.

"ಮೆತ್ತಗೆ ಇಡ್ರೀ," ಚೆನ್ನಾಜಮ್ಮನ ಪಿಸುಮಾತು.

"ಮೆತ್ತಗೇ ಇಟ್ಟಿದೀನಿ."

"ಕೇಳಿಸ್ತು ನಂಗೆ."

"ನಿಂಗೆ ಇರುವೆ ನಡೆದ್ರೂ ಕೇಳಿಸುತ್ತೆ."

"ಇರುವೆಗೆ ಬುದ್ಧಿ ಇದೆ. ನೋಡ್ಕೊಂಡು ಕಾಲಿಡುತ್ತೆ."

ಆಮೇಲೆ ಪಿಸುಮಾತಿಗೆ ಸ್ವಲ್ಪ ಗಂಟಲು ಸೇರಿತು. "ಈ ಬಾಗ್ಲು ಮುಚ್ಚಿಸ್ಬೇಡಿ ಅಂತ ಬಡ್ಕೊಂಡೆ. ಕೇಳಿದ್ರಾ?"

"ಷರಾ ಬಂದಿತ್ತಲ್ಲೇ!"

"ಷರಾ ಬಂದ್ರೆ ಮಾರನೇ ದಿನಾನೇ ಗಾರೆಯವನನ್ನ ಕರ್ಕೊಂಡು ಬರ್ಬೇಕಿತ್ತಾ? ಒಂದು ತಿಂಗ್ಳು ಕಾದಿದ್ರೆ ಭದ್ರಪ್ಪನವರಿಗೆ ಬೇರೆ ಕನಸು ಬೀಳ್ತಿತ್ತು. ಬಾಗ್ಲು ಬಾಗ್ಲಾಗೇ ಇರ್ತಿತ್ತು."

"ಕಾಯೋದು ಅಂದ್ರೆ ನಿಂಗೇನು. ನಿಮ್ಮಕ್ಕನ ಮನೇಲಿ ಆರಾಮಾಗಿದೀಯ."

"ಆರಾಮು! ರಾತ್ರಿ ಕೈ ಚಾಚಿದ್ರೆ ಮಾವಿನಕಾಯಿ ಜಾಡಿ, ಕಾಲು ಚಾಚಿದ್ರೆ ನಿಂಬೆಕಾಯಿ ಜಾಡಿ. ಆರಾಮಂತೆ!"

ಇದು ಕೈಮೀರುತ್ತಿದೆ, ಸುಮ್ಮನಿರಿಸಬೇಕು ಎಂದು ನಾನು ಪುಸ್ತಕ ಮಡಿಸಿ ಎದ್ದೆ. ಏಳುವಾಗ ಮೇಡಂ ಕಡೆ ನೋಡಿದೆ. ಅವರ ರೆಪ್ಪೆ ಅರ್ಧಕ್ಕೆ ಇಳಿದಿತ್ತು. "ನಿಂಬೆಕಾಯಿ ಜಾಡಿ" ಎಂಬಲ್ಲಿ ಪೂರ್ತಿ ಇಳಿಯಿತು. ಎದೆಯ ಮೇಲಿದ್ದ ಕೈ ಮೆಲ್ಲನೆ ಜಾರಿ ಚಾಪೆಯ ಹೊರಗೆ ಬಿತ್ತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ಇನ್‌ಸ್ಪೆಕ್ಟರು ಮಲಗಿದರು.

ನಾನು ಉಸಿರು ಬಿಗಿಹಿಡಿದು ಅಡುಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದೆ. ನನ್ನನ್ನು ಕಂಡದ್ದೇ ಇಬ್ಬರೂ ಕಲ್ಲಾದರು. ಚೆನ್ನಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗೆ ಮೇಡಂ ಹೊರಳಿದ ಸದ್ದಾಯಿತು. ನಾನು ಎರಡೂ ಕೈ ಆಡಿಸಿದೆ. ಅವರು ಇನ್ನಷ್ಟು ಬಿಗಿಯಾಗಿ ಸುಮ್ಮನಾದರು.

"ಜಗಳ ಆಡಿ," ಎಂದೆ.

"ಏನಂದ್ರಿ ಸ್ವಾಮಿ?" ಮರುಳಪ್ಪ ಕೇಳಿದ.

"ಮಲಗಿದಾರೆ. ನೀವು ನಿಲ್ಲಿಸಿದ್ರೆ ಏಳ್ತಾರೆ. ಜಗಳ ಆಡಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಗತ್ಯವೂ ಬಿದ್ದಿರಲಿಲ್ಲ.

"ನೀನೇ ಶುರು ಮಾಡು," ಎಂದ ಮರುಳಪ್ಪ.

"ನಾನ್ಯಾಕೆ? ನೀವೇ ಮಾಡಿ."

"ಏನಂತ ಮಾಡ್ಲಿ?"

"ಯಾವಾಗ್ಲೂ ನಾನೇ ಶುರು ಮಾಡೋದು ಅಂತೀರಲ್ಲ. ಇವತ್ತು ನಿಮ್ಮದಾಗ್ಲಿ."

"ನಾನ್ಯಾವಾಗ ಹಂಗಂದೆ?"

"ನಿಮ್ಮಣ್ಣನ ಮನೇಲಿ. ಸೋರೆಕಾಯಿ ದಿನ."

"ಸೋರೆಕಾಯಿ ವಿಷ್ಯ ಈಗ್ಯಾಕೆ?"

"ಈಗಲ್ದೆ ಯಾವಾಗ? ನಿಮ್ಮತ್ತಿಗೆ ಎಲ್ಲರೆದ್ರು ನನ್ನ ಸಾರು ಚೆಲ್ಲಿದ್ರು, ನೀವು ಮೀಸೆ ಒರೆಸ್ಕೊಂಡು ಕೂತಿದ್ರಿ!"

ನಡೆಯಿತು. ನಾನು ಹೊಸ್ತಿಲಲ್ಲಿ, ಒಂದು ಕಣ್ಣು ನಡುಮನೆಯ ಮೇಲೆ, ಒಂದು ಕಣ್ಣು ಹಿತ್ತಲ ಮೇಲೆ ಇಟ್ಟು ನಿಂತೆ. ಮೇಡಂ ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ಸೋರೆಕಾಯಿ ಮುಗಿದು ಮದುವೆ ಸೀರೆ ಬಂತು, ಸೀರೆ ಮುಗಿದು ಎಮ್ಮೆ ಬಂತು. ಒಂದು ಸಂಗತಿ ಮಾತ್ರ ಗಮನಿಸಿದೆ: ದನಿ ಎಷ್ಟೇ ಏರಿದರೂ ಚೆನ್ನಾಜಮ್ಮ ಗಂಡನಿಗೆ ಬಹುವಚನ ತಪ್ಪಿಸಲಿಲ್ಲ. ಅಕ್ಕಪಕ್ಕದವರು ಗೋಡೆಯ ಮೇಲಿಂದ ತಲೆ ಹಾಕಿ, ಹೋಯಿತು ಇವರ ಹೆಂಚು ಎಂಬಂತೆ ತಲೆ ಮೇಲೆ ಕೈ ಹೊತ್ತರು.

ಆಡಲೇಬೇಕು ಎಂದಾಗ ಜಗಳ ಬಹಳ ಹೊತ್ತು ನಿಲ್ಲುವುದಿಲ್ಲ. ಬಿಸಿಲ ಚೌಕ ಗೋಡೆ ಹತ್ತಿ ಮೊಳೆಗೆ ಇನ್ನೊಂದು ಗೇಣು ಇರುವಾಗ ಇಬ್ಬರ ಸರಕೂ ಮುಗಿಯಿತು. ಎಮ್ಮೆಯ ಪ್ರಸಂಗದಲ್ಲಿ ಮರುಳಪ್ಪನಿಗೆ ನಗು ಬಂತು, ಅವನನ್ನು ನೋಡಿ ಅವಳಿಗೂ ಬಂತು. ಒಳಗೆ ಮೇಡಂ ಕತ್ತು ಅಲುಗಿತು. ನಾನು ಬಾಗಿಲು ತೋರಿಸಿದೆ, ಕೊಡ ತೋರಿಸಿದೆ, ಅವನ ಅಂಗಿಯ ಹರಿದ ಜೇಬು ತೋರಿಸಿದ್ದೂ ಆಯಿತು. ಯಾವುದಕ್ಕೂ ಕಿಡಿ ಹತ್ತಲಿಲ್ಲ. ಚೆನ್ನಾಜಮ್ಮ ನನ್ನನ್ನು ನೋಡಿದಳು, ಮೇಲೆ ಹೆಂಚು ನೋಡಿದಳು, ಗಂಡನನ್ನು ನೋಡಿದಳು. ನಗು ಹೋಗಿತ್ತು.

"ರಾತ್ರಿ ಎಲ್ಲಿಗೆ ಹೋಗ್ತೀಯ?" ಎಂದಳು.

ಮರುಳಪ್ಪ ಅರ್ಥವಾಗದವನಂತೆ ನಿಂತ. ಅವನಿಗೆ ಮೊದಲು ತಾಗಿದ್ದು ಆ ಏಕವಚನವಿರಬೇಕು.

"ಮಿಲ್ಲಲ್ಲಿ ನೀನು ಮಲಗೋದೇ ಇಲ್ಲವಂತೆ. ಓನರ್ರು ಹೇಳಿದ್ರು. ನಾನು ಗೇಟಲ್ಲಿ ಹಾಸಿಗೆ ಇಸ್ಕೊಂಡು ಒಳಗೆ ಹೋದ ಮೇಲೆ ನೀನು ಎಲ್ಲಿಗೆ ಹೋಗ್ತೀಯ? ಎಷ್ಟು ದಿನದಿಂದ ಕೇಳ್ಬೇಕು ಅಂತಿದೀನಿ. ಮನೆ ಪಾಸಾಗ್ಲಿ, ಆಮೇಲೆ ಕೇಳೋಣ ಅಂತ ಇಟ್ಕೊಂಡಿದ್ದೆ. ಯಾರ ಮನೇಗೆ ಹೋಗ್ತೀಯ?"

"ಯಾರ ಮನೇಗೂ ಇಲ್ಲ."

"ಹೇಳು!"

"ಇಲ್ಲಿಗೇ ಕಣೆ," ಎಂದ ಮರುಳಪ್ಪ.

"ಇಲ್ಲಿಗೆ ಅಂದ್ರೆ?"

"ನಮ್ಮ ಮನೇಗೆ. ಆ ಕಂಬದ ಹತ್ರ ಮಲಗ್ತೀನಿ. ಬೆಳಕು ಹರಿಯೋ ಮುಂಚೆ ಎದ್ದು ಹೋಗ್ತೀನಿ. ಮನೆ ಒಂಟಿಯಾಗಿರುತ್ತಲ್ಲ ಅಂತ."

ಹೇಳಿದ ಮೇಲೆ, ಎರಡು ಮಾರು ದೂರದಲ್ಲಿ ಪುರಸಭೆಯ ಗುಮಾಸ್ತ ನಿಂತಿದ್ದಾನೆ ಎಂಬುದು ಅವನಿಗೆ ನೆನಪಾಯಿತು. ಮುಖ ಅವನ ಕಿವಿಯ ಹಿಟ್ಟಿಗಿಂತ ಬೆಳ್ಳಗಾಯಿತು. ಮೂವರೂ ಸುಮ್ಮನಿದ್ದೆವು. ಪ್ರಮಾಣಪತ್ರ ಬರುವ ಮೊದಲು ಮಲಗಿದವನ ಮನೆಗೆ ಮೂರು ಸಲದ ಲೆಕ್ಕವೂ ಇಲ್ಲ, ಅದೇ ದಿನ ಏಣಿ ಬರುತ್ತದೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಒಳಗೆ ಮೇಡಂ ಉಸಿರು ಒಂದು ಕ್ಷಣ ನಿಂತ ಹಾಗಾಯಿತು.

"ಹದಿನಾಲ್ಕು ತಿಂಗ್ಳು!" ಎಂದು ಚೆನ್ನಾಜಮ್ಮ ಕೂಗಿದಳು. ಆ ಕೂಗಿಗೆ ಪಕ್ಕದ ಮನೆಯ ಗೋಡೆಯ ಮೇಲಿದ್ದ ತಲೆಗಳೆಲ್ಲ ಒಟ್ಟಿಗೆ ಇಳಿದವು. "ಹದಿನಾಲ್ಕು ತಿಂಗ್ಳು ನಾನು ಜಾಡಿ ಮಧ್ಯೆ ಮೊಣಕಾಲು ಮಡಚ್ಕೊಂಡು ಬಿದ್ದಿದೀನಿ. ಇವರು ಇಲ್ಲಿ ಮಹಾರಾಜರ ಥರ ಕೈಕಾಲು ಚಾಚ್ಕೊಂಡು! ಒಂದು ದಿನ, ಒಂದೇ ಒಂದು ದಿನ ನನ್ನ ಕರೆದ್ರಾ?"

"ನಿನ್ನೂ ಕರೆದಿದ್ರೆ ಇಬ್ರದೂ ತಪ್ಪಾಗ್ತಿತ್ತು."

"ಆಗ್ಲಿ! ತಪ್ಪಾದ್ರೂ ಜೊತೇಲಿ ಆಗ್ತಿತ್ತು!"

ಅದಾದ ಮೇಲೆ ನಾನು ಯಾವುದನ್ನೂ ತೋರಿಸಬೇಕಾಗಲಿಲ್ಲ. ಬಹುವಚನ ಹಿಂತಿರುಗಿತ್ತು, ಜೊತೆಗೆ ಅಳುವೂ ಬಂದಿತ್ತು. ಅವಳು ಬೈದಳು, ಅತ್ತಳು, ಕಂಬದ ಹತ್ತಿರ ಗಾಳಿ ಬರುತ್ತದಾ ಎಂದು ಕೇಳಿದಳು, ಬರುತ್ತದೆ ಎಂದಾಗ ಮತ್ತೆ ಬೈದಳು. ನಾನು ನಡುಮನೆಗೆ ಹಿಂತಿರುಗಿ ನನ್ನ ಜಾಗದಲ್ಲಿ ಕೂತೆ. ಮೇಡಂ ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದು, ಮಕ್ಕಳ ಹಾಗೆ ಮಲಗಿದ್ದರು. ಹಿತ್ತಲ ಬೈಗುಳ ಬಿಸಿಲ ಚೌಕದ ಜೊತೆಯೇ ಗೋಡೆ ಹತ್ತುತ್ತಿರುವಂತೆ ನನಗೆ ಕಂಡಿತು. ಆ ಹೊತ್ತಿನಲ್ಲಿ ನಾನು ತೂಕಡಿಸಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ. ಚೌಕ ಮೊಳೆ ಮುಟ್ಟಿತು.

ಮೇಡಂ ಎದ್ದು ಕೂತರು. ಕೆನ್ನೆಯ ಮೇಲೆ ಚಾಪೆಯ ಹೆಣಿಗೆ ಅಚ್ಚಾಗಿತ್ತು. ಕನ್ನಡಕ ಹುಡುಕಿ ಹಾಕಿಕೊಂಡರು. ಗಂಡ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ಉಸಿರಿಲ್ಲದೆ ನಿಂತರು. ನಾನು ನಮೂನೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ.

"ನಮ್ಮನೆ," ಎಂದರು ಮೇಡಂ, ಇನ್ನೂ ಅರ್ಧ ಅಲ್ಲಿಯೇ ಇದ್ದವರಂತೆ. "ಹದಿನೇಳು ಜನ ಇದ್ವಿ ನಾವು. ನಾಲ್ಕು ಜನ ಅತ್ತೆಯರು. ಎಲ್ಲಾ ಕೂಗಾಡ್ತಿದಾರೆ, ನಾನು ಚಿಕ್ಕೋಳು, ಅದರ ಮಧ್ಯೆ ಮಲಗಿದೀನಿ. ಆಮೇಲೆ ಅದು ಈ ಮನೆ ಆಯ್ತು. ಆ ಕಂಬದ ಹತ್ರ ಒಬ್ಬ ಗಂಡಸು ಮಲಗಿದಾನೆ. ಮೈ ತುಂಬ ಹಿಟ್ಟು. ಅವನು ಉಸಿರು ಎಳೆದ್ರೆ ಹೆಂಚೆಲ್ಲ ಮೇಲಕ್ಕೆ ಏಳುತ್ತೆ, ಬಿಟ್ರೆ ಕೆಳಗೆ ಇಳಿಯುತ್ತೆ. ಒಂದು ಹೆಂಚೂ ಬೀಳಲ್ಲ."

ಬರೆದುಕೊಂಡೆ. ನಮ್ಮ ನಮೂನೆಯಲ್ಲಿ ಕನಸಿನಲ್ಲಿ ಕಂಡವರ ಬಗ್ಗೆ ಒಂದು ಕಾಲಂ ಇದೆ: ಪರಿಚಿತರೋ, ಅಪರಿಚಿತರೋ. ಪರಿಚಿತರಾದರೆ ಹೆಸರು ಬರೆಯಬೇಕು. ಅರ್ಜಿದಾರನೇ ಆ ಮನೆಯಲ್ಲಿ ಮಲಗಿದ್ದು ಕನಸಿಗೆ ಬಂದರೆ ಕೈಪಿಡಿ ಅದನ್ನು ಸಾಕ್ಷಿ ಎಂದು ಹಿಡಿಯುತ್ತದೆ. ಇಪ್ಪತ್ತೆರಡು ವರ್ಷ ಆ ಕಾಲಂನಲ್ಲಿ ಲೆಕ್ಕದ ಮೇಷ್ಟರ ಹೆಸರನ್ನು ಬಿಟ್ಟು ಬೇರೆ ಹೆಸರು ಬರೆದವನಲ್ಲ ನಾನು.

"ಆ ಗಂಡಸು, ಮೇಡಂ," ಎಂದೆ. "ಪರಿಚಿತರಾ? ಅಪರಿಚಿತರಾ?"

ಮೇಡಂ ತಲೆಯೆತ್ತಿ ಬಾಗಿಲಲ್ಲಿ ನಿಂತ ಮರುಳಪ್ಪನನ್ನು ನೋಡಿದರು. ಅವನ ಕಿವಿ ನೋಡಿದರು. ಅವನ ಪಕ್ಕದಲ್ಲಿ ಅತ್ತು ಊದಿದ ಮುಖದ ಚೆನ್ನಾಜಮ್ಮನನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುವುದು ಬಹಳ ಹೊತ್ತು ನಡೆಯಿತು.

"ಅಪರಿಚಿತ. ಬರ್ಕೊಳಿ," ಎಂದರು. "ಕನಸಲ್ಲಿ ಮುಖ ಎಲ್ಲಿ ಸರಿಯಾಗಿ ಕಾಣುತ್ತೆ ಗುಮಾಸ್ತರೇ."

"ಕಾಣಲ್ಲ ಮೇಡಂ," ಎಂದು ಬರೆದುಕೊಂಡೆ. ಕನಸಿನ ಹೊರಗೆ, ಹಿತ್ತಲಲ್ಲಿ ನಿಂತು ಕೇಳಿದ್ದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನಮೂನೆ ಅಚ್ಚು ಹಾಕಿಸಿದವರಿಗೆ ಅಂದು ಮನಸ್ಸಿನಲ್ಲೇ ಕೈ ಮುಗಿದೆ.

ಹೊರಡುವಾಗ ಮೇಡಂ ಹೊಸ್ತಿಲಲ್ಲಿ ನಿಂತು ಹಿಂತಿರುಗಿ, "ಯಾಕಮ್ಮ ಸುಮ್ಮನಾಗಿಬಿಟ್ರಿ?" ಎಂದು ಚೆನ್ನಾಜಮ್ಮನನ್ನು ಕೇಳಿದರು.

ಶೇಷಗಿರಿ ಆ ವರದಿಯನ್ನು ಮೂರು ದಿನ ಇಟ್ಟುಕೊಂಡ. ಆ ಮೂರು ದಿನವೂ ಮರುಳಪ್ಪ ಹಾಸಿಗೆಯನ್ನು ಗೇಟಿನತನಕ ಹೊತ್ತು ತಂದ. "ಮಿಲ್ಲಿಗೇ ಹೋಗ್ಬೇಕು," ಎಂದು ಚೆನ್ನಾಜಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋಗುತ್ತಿದ್ದಳು. ಕೂಗಾಡುವ ಅತ್ತೆಯರಿಗೆ ಕೈಪಿಡಿಯಲ್ಲಿ ನಿಯಮ ಸಿಗಲಿಲ್ಲ. ಉಸಿರಾಡುವ ಮಾಡಿನ ಪುಟವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಹಿಟ್ಟು. ಹಿಟ್ಟು ಬಿಳಿ, ಬಿಳಿ ಎಂದರೆ ಸುಣ್ಣ ಎಂದು ಶೇಷಗಿರಿ ತೀರ್ಮಾನಿಸಿ, ಹಿತ್ತಲ ಗೋಡೆಗೆ ಎರಡು ಸಲ ಸುಣ್ಣ ಹೊಡೆಸತಕ್ಕದ್ದು ಎಂದು ಷರಾ ಬರೆದ. ನಾನು ಮೊಹರು ಒತ್ತಿದೆ.

ಮೇಡಂ ನಿದ್ದೆಯ ಗುಟ್ಟು ಒಂದೇ ಸಂಜೆಯಲ್ಲಿ ಊರಿಗೆಲ್ಲ ಹರಡಿತು. ಬಾಕಿ ಇದ್ದ ಹನ್ನೊಂದು ಮನೆಯವರು ಮರುತಪಾಸಣೆಗೆ ಅರ್ಜಿ ಹಾಕಿದರು. ಮೊದಲ ಮನೆಯವರು ನಾಟಕದವರನ್ನು ಕರೆಸಿ ಹಿತ್ತಲಲ್ಲಿ ಜಗಳ ಆಡಿಸಿದರು. ಮೇಡಂ ರೆಪ್ಪೆ ಅಲುಗಲಿಲ್ಲ. ನಿಜವಾದದ್ದೇ ಆಗಬೇಕಿತ್ತು. ಅದು ತಿಳಿದ ಮೇಲೆ ಜನ ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನೆಲ್ಲ ಮಧ್ಯಾಹ್ನದ ಹೊತ್ತು ಹಿತ್ತಲಿಗೆ ತಂದರು. ಏಳು ಮನೆ ಪಾಸಾದವು. ಉಳಿದ ನಾಲ್ಕು ಮನೆಗಳ ದಂಪತಿಗಳು ಬಹಳ ಅನ್ಯೋನ್ಯವಾಗಿದ್ದರು. ಅವರು ಈಗಲೂ ಸಂಜೆ ಹಾಸಿಗೆ ಹೊತ್ತು ಹೋಗುತ್ತಾರೆ. ದಿಂಬಿನ ನಿರ್ಣಯವನ್ನು ರದ್ದು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಪ್ರಮಾಣಪತ್ರ ಕೊಟ್ಟ ದಿನ ಸಂಜೆ ಮರುಳಪ್ಪ ಅಕ್ಕನ ಮನೆಯಿಂದ ಹಾಸಿಗೆ ಹೊತ್ತು ತಂದ. ಚೆನ್ನಾಜಮ್ಮ ಅಕ್ಕ ಕೊಟ್ಟ ನಿಂಬೆಕಾಯಿ ಜಾಡಿ ಹಿಡಿದು ಹಿಂದೆ ಬಂದಳು. ಕಂಬದ ಯಾವ ಪಕ್ಕ ಯಾರು ಎಂಬ ಬಗ್ಗೆ ದಾರಿಯುದ್ದಕ್ಕೂ ಚರ್ಚೆ ನಡೆದಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರಮಾಣಪತ್ರದ ಸಂಖ್ಯೆ ಇನ್ನೂರ ಆರು. ಹಿತ್ತಲ ಗೋಡೆಗೆ ಎರಡು ಸಲ ಸುಣ್ಣ ಹೊಡೆಯಲಾಗಿದೆ.